ಅಭಿಜ್ಞಾನದ ವಿಪರ್ಯಯ: ಶೋಲೊಖೋವರ ಒಂದು ಕಥೆ

ಯುದ್ಧದಲ್ಲಿ ಹೆತ್ತವರನ್ನು ಕಳೆದುಕೊಂಡ ಮಕ್ಕಳ ಹುಡುಕಾಟವನ್ನು ಕುರಿತ ಕಥನಗಳಲ್ಲಿ ಮಿಖಾಯಿಲ್ ಶೋಲೊಖೋವರ 'ಮನುಷ್ಯನೊಬ್ಬನ ವಿಧಿ' (1956-57) ಗಮನಾರ್ಹವಾದುದು. ಎರಡನೆಯ ಮಹಾಯುದ್ಧದಲ್ಲಿ ಬಾಲಕ ವಾನ್ಯಾನ ತಂದೆ ರಣರಂಗದಲ್ಲಿ ಮಡಿದಿದ್ದಾನೆ. ತಾಯಿ ರೈಲಿನ ಮೇಲೆ ನಡೆದ ಬಾಂಬುದಾಳಿಗೆ ಬಲಿಯಾಗಿದ್ದಾಳೆ. ತನ್ನ ಸಂಸಾರವನ್ನೂ ಕಳೆದುಕೊಂಡ ಲಾರಿ ಚಾಲಕ ಸೊಕೊಲೋವ್, ತಾನೇ ಅವನ ತಂದೆಯೆಂದು ಹೇಳಿ ಸಾಕಿಕೊಳ್ಳುತ್ತಾನೆ. ಕರುಣೆಯ ಈ ಸುಳ್ಳಿನಲ್ಲಿಯೇ ಹುಡುಕಾಟ ಕೊನೆಗೊಂಡಿತೆಂದು ಭಾವಿಸುವುದು ಸುಲಭ.

ಆದರೆ ಬಾಲಕ ಒಂದು ದಿನ, ಅಪ್ಪನ ತೊಗಲಿನ ಕೋಟು ಏನಾಯಿತೆಂದು ಕೇಳುತ್ತಾನೆ. ಸೊಕೊಲೋವನಿಗೆ ಅಂತಹ ಕೋಟು ಎಂದೂ ಇರಲಿಲ್ಲ. ವೊರೊನೆಜ್‌ನಲ್ಲಿ ಉಳಿಯಿತೆಂದು ಹೇಳಿ ಜಾರಿಕೊಳ್ಳುತ್ತಾನೆ. ನಮ್ಮ ಪ್ರಾಚೀನ ಕಾವ್ಯಗಳಲ್ಲಿ ಅಭಿಜ್ಞಾನವು ಅಗಲಿದವರನ್ನು ಕೂಡಿಸುವ ವಸ್ತು. ಉಂಗುರವನ್ನು ಕಂಡೊಡನೆ ದುಷ್ಯಂತನಿಗೆ ಶಕುಂತಲೆಯ ನೆನಪು ಮರಳುತ್ತದೆ. ಇಲ್ಲಿ ಅದರ ವಿಪರ್ಯಯವಿದೆ. ನೆನಪು ಮಗುವಿನಲ್ಲಿ ಉಳಿದಿದೆ. ವಸ್ತುವೂ ಇಲ್ಲ, ಅದನ್ನು ತೊಟ್ಟವನೂ ಇಲ್ಲ. ಕೂಡಿಸಬೇಕಾದ ಗುರುತು, ಕೂಡಿದವರ ನಡುವಿನ ಸುಳ್ಳನ್ನೇ ಬಯಲಿಗೆ ತರುತ್ತದೆ.

ಆದುದರಿಂದ ವಾನ್ಯಾನ ಹುಡುಕಾಟ ಮುಗಿದಿಲ್ಲವೆಂದೇ ತಿಳಿಯಬೇಕು. ಸುಳ್ಳು ಅವನಿಗೆ ಆಶ್ರಯವನ್ನಿತ್ತಿತು. ಸತ್ತ ತಂದೆಗೆ ಸಲ್ಲಬೇಕಾದ ನೆನಪನ್ನು ಮಾತ್ರ ಬೇರೊಬ್ಬನಿಗೆ ಸಲ್ಲಿಸಿತು. ಈ ಕಥೆಯನ್ನು ಕೇವಲ ಸಾಂತ್ವನವೆಂದು ಓದಿದರೆ, ಕಥೆಯಲ್ಲಿ ಹೆಸರೂ ಇಲ್ಲದ ಆ ತಂದೆಯನ್ನು ವಿಮರ್ಶೆಯೂ ಮರೆತಂತಾಗುತ್ತದೆ.