ತಮೋರಾ: ಸೇಡಿನ ನಾಟಕದಲ್ಲಿ ತಾಯಿ

ಶೇಕ್ಸ್‌ಪಿಯರನ ‘ಟೈಟಸ್ ಆಂಡ್ರೊನಿಕಸ್’ ನಾಟಕದಲ್ಲಿ ಸೇಡಿಗೆ ಮೊದಲು ಕಾರಣ ಸಿಗುವುದು ನಾಯಕನಿಗಲ್ಲ, ಗಾತರ ರಾಣಿ ತಮೋರಾಳಿಗೆ. ಯುದ್ಧದಲ್ಲಿ ಸೋತ ಅವಳು ಮಕ್ಕಳೊಂದಿಗೆ ಸೆರೆಯಾಳಾಗಿ ರೋಮಿಗೆ ಬರುತ್ತಾಳೆ. ಯುದ್ಧದಲ್ಲಿ ಮಡಿದ ತನ್ನ ಮಕ್ಕಳ ಆತ್ಮಶಾಂತಿಗೆಂದು ಸೇನಾನಿ ಟೈಟಸ್ ಅವಳ ಹಿರಿಯ ಮಗ ಅಲಾರ್ಬಸ್‌ನನ್ನು ಬಲಿ ಕೊಡಿಸುತ್ತಾನೆ. ನಿನಗೆ ನಿನ್ನ ಮಕ್ಕಳು ಹೇಗೋ ನನಗೆ ನನ್ನವರೂ ಹಾಗೆಯೇ ಎಂದು ಅವಳು ಮೊಣಕಾಲೂರಿ ಬೇಡುತ್ತಾಳೆ. ಶಾಸ್ತ್ರದ ನೆಪವೊಂದನ್ನು ಬಿಟ್ಟರೆ ಟೈಟಸ್‌ನ ಬಳಿ ಇದಕ್ಕೆ ಉತ್ತರವಿಲ್ಲ.

ಎಲಿಜಬೆತ್ ಯುಗದ ಸೇಡಿನ ರುದ್ರನಾಟಕಕ್ಕೆ ಬೇರು ರೋಮಿನ ಸೆನೆಕಾನಲ್ಲಿದೆ. ಅವನ ಹೆಸರಿನ ಹತ್ತು ನಾಟಕಗಳು 1581ರಲ್ಲಿ ಇಂಗ್ಲಿಷಿನಲ್ಲಿ ಒಂದೇ ಸಂಪುಟವಾಗಿ ಬಂದವು. ಆ ದಶಕದ ಕೊನೆಯ ಹೊತ್ತಿಗೆ ಥಾಮಸ್ ಕಿಡ್‌ನ ‘ಸ್ಪ್ಯಾನಿಷ್ ಟ್ರ್ಯಾಜಿಡಿ’ ಈ ಪ್ರಕಾರಕ್ಕೆ ಅಚ್ಚು ಹಾಕಿಕೊಟ್ಟಿತು: ನ್ಯಾಯ ಸಿಗದ ಕೊಲೆ, ನಿಜವೋ ನಟನೆಯೋ ತಿಳಿಯದ ಹುಚ್ಚು, ಮುಂದೂಡುತ್ತಲೇ ಹೋಗುವ ಸಂಕಲ್ಪ, ಕೊನೆಗೆ ಹೆಣಗಳ ರಾಶಿ. ಅಲ್ಲಿ ಮಗನನ್ನು ಕಳೆದುಕೊಂಡವರು ಇಬ್ಬರು. ತಂದೆ ಹಿಯರೋನಿಮೋ ಸೇಡು ತೀರಿಸಿಕೊಳ್ಳುತ್ತಾನೆ. ತಾಯಿ ಇಸಬೆಲ್ಲಾ ಹುಚ್ಚು ಹಿಡಿದು ತನ್ನನ್ನೇ ಇರಿದುಕೊಳ್ಳುತ್ತಾಳೆ.

ಪ್ರಾಚೀನ ಕಥೆಗಳಲ್ಲಿ ಮಾತ್ರ ತಾಯಂದಿರ ಕೈ ಕಟ್ಟಿರಲಿಲ್ಲ. ಮಗನನ್ನು ಕೊಂದ ಥ್ರೇಸಿನ ದೊರೆಯ ಕಣ್ಣು ಕಿತ್ತ ಹೆಕ್ಯೂಬಾ, ತಂಗಿಯ ಮಾನಭಂಗಕ್ಕೆ ಪ್ರತಿಯಾಗಿ ಗಂಡನಿಗೆ ಅವನ ಮಗನ ಮಾಂಸವನ್ನೇ ಉಣಿಸಿದ ಪ್ರಾಕ್ನಿ, ಇಬ್ಬರೂ ಓವಿಡ್ ಓದಿದವರಿಗೆಲ್ಲ ಪರಿಚಿತರು. ಅಲಾರ್ಬಸ್ ಬಲಿಯಾದಾಗ ಅವನ ತಮ್ಮ ತಾಯಿಗೆ ಹೆಕ್ಯೂಬಾಳನ್ನೇ ನೆನಪಿಸುತ್ತಾನೆ. ಆದರೆ ನಾಟಕ ಮುಂದುವರಿದಂತೆ ಈ ಆಸ್ತಿ ಕೈ ಬದಲಾಯಿಸುತ್ತದೆ. ಪ್ರಾಕ್ನಿಯ ಹೆಸರು ಹೇಳಿ ಅಡುಗೆಗೆ ಇಳಿಯುವವನು ಟೈಟಸ್. ತಾಯಂದಿರ ಸೇಡಿನ ಮಾದರಿಯನ್ನು ತಂದೆ ಎತ್ತಿಕೊಳ್ಳುತ್ತಾನೆ. ತಾಯಿಗೆ ಉಳಿಯುವುದು ಖಳನಾಯಕಿಯ ಪಾತ್ರ.

ಈ ಬದಲಾವಣೆ ಸಲೀಸಾಗಿ ಆಗಿಲ್ಲ ಎಂಬುದೇ ಕೃತಿಯ ಶಕ್ತಿ. ಎರಡನೆಯ ಅಂಕದ ಕಾಡಿನಲ್ಲಿ ತಮೋರಾಳ ಮಕ್ಕಳ ಕೈಗೆ ಸಿಕ್ಕ ಟೈಟಸ್‌ನ ಮಗಳು ಲವೀನಿಯಾ ಹೆಣ್ಣಿನ ಕರುಣೆಗಾಗಿ ಮೊರೆಯಿಟ್ಟಾಗ, ಅಂದು ತನ್ನ ಕಣ್ಣೀರು ವ್ಯರ್ಥವಾದದ್ದನ್ನು ತಮೋರಾ ತನ್ನ ಮಕ್ಕಳಿಗೆ ನೆನಪಿಸುತ್ತಾಳೆ. ಅವಳ ದುಃಖವೂ ಕ್ರೌರ್ಯವೂ ಅಲ್ಲಿ ಒಂದೇ ಉಸಿರಿನಲ್ಲಿ ಕೇಳುತ್ತವೆ. ಆಮೇಲೆ ಅಲಾರ್ಬಸ್ ಬಹುಮಟ್ಟಿಗೆ ಮರೆತೇಹೋಗುತ್ತಾನೆ. ಮೊದಲ ಅಂಕ ಜಾರ್ಜ್ ಪೀಲ್‌ನ ಬರವಣಿಗೆ ಎಂದು ಇಂದು ಅನೇಕ ವಿದ್ವಾಂಸರು ಒಪ್ಪುತ್ತಾರೆ. ಅದನ್ನು ಒಪ್ಪಿದರೆ ಮಗನ ಶೋಕ ಒಬ್ಬನ ಕೈಯದು, ಅದರ ವಿಷ ಇನ್ನೊಬ್ಬನ ಕೈಯದು. ತನ್ನ ಪ್ರಿಯಕರ ಏರನ್‌ನಿಂದ ಹುಟ್ಟಿದ ಕಪ್ಪು ಶಿಶುವನ್ನು ಕೊಲ್ಲಿಸಲು ತಮೋರಾ ಹೇಳಿಕಳುಹಿಸುವ ಪ್ರಸಂಗದಲ್ಲಂತೂ ತಾಯ್ತನ ಪೂರಾ ಬರಿದಾಗುತ್ತದೆ. ಅಲ್ಲಿಯೂ ಮಗುವನ್ನು ಎದೆಗಪ್ಪಿಕೊಳ್ಳುವವನು ತಂದೆಯೇ.

ಕಿಡ್‌ನಲ್ಲಿ ‘ಸೇಡು’ ಎಂಬ ಮೂರ್ತಿ ಕಥೆಯ ಹೊರಗೆ ಕುಳಿತು ಎಲ್ಲವನ್ನೂ ನೋಡುತ್ತದೆ. ಐದನೆಯ ಅಂಕದಲ್ಲಿ ತಮೋರಾ ಅದೇ ವೇಷ ತೊಟ್ಟು, ಇಬ್ಬರು ಮಕ್ಕಳೊಂದಿಗೆ ಟೈಟಸ್‌ನ ಮನೆಗೆ ಹೋಗುತ್ತಾಳೆ. ಎದುರಾಳಿ ಹುಚ್ಚನೆಂದು ಅವಳ ನಂಬಿಕೆ. ಅವನು ವೇಷ ಹಾಕಿದವಳನ್ನು ನೋಡಿದ ಕೂಡಲೇ ಗುರುತಿಸುತ್ತಾನೆ. ಸೇಡಿಗೆ ನಿಜವಾದ ಕಾರಣವಿದ್ದವಳು ಅದನ್ನು ಬರಿಯ ಬಣ್ಣವಾಗಿ ಬಳಿದುಕೊಂಡದ್ದೇ ಅವಳ ಸೋಲು. ಔತಣದಲ್ಲಿ ಅವಳು ತಿಳಿಯದೆ ತನ್ನ ಮಕ್ಕಳನ್ನೇ ತಿನ್ನುತ್ತಾಳೆ.

ವಿಮರ್ಶಕರಿಗೆ ಈ ನಾಟಕ ಬಹುಕಾಲ ಮುಜುಗರದ ವಿಷಯವಾಗಿತ್ತು. 1927ರಲ್ಲಿ ಟಿ. ಎಸ್. ಎಲಿಯಟ್ ಇದನ್ನು ಕಟುವಾಗಿ ತಳ್ಳಿಹಾಕಿದ. 1955ರಲ್ಲಿ ಪೀಟರ್ ಬ್ರೂಕ್ ಲಾರೆನ್ಸ್ ಒಲಿವಿಯೆಯೊಂದಿಗೆ ಮಾಡಿದ ಪ್ರಯೋಗ ಅದಕ್ಕೆ ರಂಗದ ಮರ್ಯಾದೆ ತಂದಿತು. ಜೂಲಿ ಟೇಮರ್ 1999ರ ಚಿತ್ರದಲ್ಲಿ ಜೆಸಿಕಾ ಲ್ಯಾಂಗ್‌ಗೆ ತಮೋರಾಳ ಪಾತ್ರ ಕೊಟ್ಟು, ಮೊದಲ ದೃಶ್ಯದ ಮೊರೆಗೆ ಸಲ್ಲಬೇಕಾದ ತೂಕ ಕೊಟ್ಟಳು.

1594ರ ಮೊದಲ ಮುದ್ರಣದಲ್ಲಿ ನಾಟಕದ ಕೊನೆಯ ಮಾತು ತಮೋರಾಳ ಶವದ ಬಗ್ಗೆ. ಅವಳಿಗೆ ಅಂತ್ಯಕ್ರಿಯೆಯಿಲ್ಲ, ಶೋಕದ ಗಂಟೆಯಿಲ್ಲ. ಹೆಣವನ್ನು ಮೃಗಪಕ್ಷಿಗಳಿಗೆ ಎಸೆಯಬೇಕು. 1600ರ ಮರುಮುದ್ರಣದಲ್ಲಿ ರಾಜ್ಯದ ಸುವ್ಯವಸ್ಥೆಯ ಬಗ್ಗೆ ನಾಲ್ಕು ಸಾಲು ಹೆಚ್ಚಿಗೆ ಸೇರಿಕೊಂಡವು.