ಪಠ್ಯಗ್ರಂಥದ ಆಯ್ಕೆಯೂ ಗ್ರಂಥಸಂಪಾದನೆಯೂ: ವಡ್ಡಾರಾಧನೆಯ ನಿದರ್ಶನ

ಕನ್ನಡ ಸ್ನಾತಕೋತ್ತರ ತರಗತಿಗಳಿಗೆ ಹಳಗನ್ನಡ ಕೃತಿಯೊಂದನ್ನು ಪಠ್ಯವಾಗಿ ಗೊತ್ತುಪಡಿಸುವಾಗ ಅದರ ಹೆಸರನ್ನು ಸೂಚಿಸಿದರೆ ಸಾಲದು. ಯಾವ ಸಂಪಾದನೆಯನ್ನು ಅವಲಂಬಿಸಬೇಕೆಂಬುದನ್ನೂ ಸೂಚಿಸಬೇಕು. ಇದು ಪುಸ್ತಕ ಒದಗಿಸುವ ವ್ಯವಹಾರಕ್ಕಷ್ಟೇ ಸೇರಿದ ವಿಷಯವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ವಿದ್ಯಾರ್ಥಿಯು ಗ್ರಹಿಸುವ ಕೃತಿಸ್ವರೂಪವೇ ಇದರಿಂದ ಬೇರೆಯಾಗುತ್ತದೆ ಎಂಬುದಕ್ಕೆ ವಡ್ಡಾರಾಧನೆಯು ಸ್ಪಷ್ಟವಾದ ನಿದರ್ಶನ.

ಈ ಗ್ರಂಥದ 19 ಕಥೆಗಳಲ್ಲಿ ಪ್ರತಿಯೊಂದರ ಮೊದಲಲ್ಲಿಯೂ ಒಂದು ಪ್ರಾಕೃತ ಗಾಹೆಯುಂಟು. ಇವಕ್ಕೂ ಶಿವಾರ್ಯನ ಭಗವತೀ ಆರಾಧನೆಗೂ ಇರುವ ಸಂಬಂಧವನ್ನು ಡಾ. ಆ. ನೇ. ಉಪಾಧ್ಯೆಯವರು 1943ರಲ್ಲಿ ಪ್ರಕಟವಾದ ಹರಿಷೇಣನ ಬೃಹತ್ಕಥಾಕೋಶದ ಪೀಠಿಕೆಯಲ್ಲಿ ಚರ್ಚಿಸಿದ್ದಾರೆ. ಮೂಲದಲ್ಲಿ ಆ ಗಾಹೆಗಳು ಕವಚವೆಂಬ ಪ್ರಕರಣಕ್ಕೆ ಸೇರಿದವು. ಸಲ್ಲೇಖನವನ್ನು ಕೈಕೊಂಡ ಕ್ಷಪಕನು ಪರೀಷಹಗಳಿಂದ ಕಂಗೆಟ್ಟಾಗ, ಪೂರ್ವಪುರುಷರ ಉಪಸರ್ಗಸಹನೆಯನ್ನು ನೆನಪಿಸಿ ನಿರ್ಯಾಪಕಾಚಾರ್ಯರು ತೊಡಿಸುವ ರಕ್ಷೆಯೇ ಈ ಕವಚ. ಗಾಹೆಯನ್ನು ಕೈಬಿಟ್ಟು ಕಥಾಭಾಗವನ್ನು ಮಾತ್ರ ಆಯ್ದು ಮುದ್ರಿಸಿದರೆ ಅಥವಾ ಛಾಯಾಪ್ರತಿ ಮಾಡಿ ಹಂಚಿದರೆ, ಸುಕುಮಾರಸ್ವಾಮಿಯ ದೇಹವನ್ನು ನರಿ ತಿನ್ನುವ ಪ್ರಸಂಗವು ಬರಿಯ ಕ್ರೌರ್ಯವರ್ಣನೆಯಾಗಿ ಉಳಿಯುತ್ತದೆ. ಯಾರಿಗಾಗಿ, ಯಾವ ಗಳಿಗೆಗಾಗಿ ಆ ಕಥೆ ಹೇಳಲ್ಪಟ್ಟಿತೆಂಬುದು ಓದುಗನಿಗೆ ತಿಳಿಯುವುದಿಲ್ಲ.

ಕೃತಿಯ ಹೆಸರು ಮತ್ತು ಕರ್ತೃತ್ವದ ವಿಷಯವೂ ಹೀಗೆಯೇ. ಶಿವಕೋಟ್ಯಾಚಾರ್ಯನೆಂಬ ರೂಢಿಯ ಹೆಸರಿನ ಜೊತೆಗೆ, ರಾಮಚಂದ್ರ ಮುಮುಕ್ಷುವಿನ ಪುಣ್ಯಾಸ್ರವ ಕಥಾಕೋಶದ ಉಲ್ಲೇಖವನ್ನು ಆಧರಿಸಿ ಭ್ರಾಜಿಷ್ಣುವಿನ ಆರಾಧನಾ ಕರ್ಣಾಟಟೀಕೆಯೇ ಇದೆಂಬ ವಾದವೂ ವಿದ್ವಾಂಸರಲ್ಲಿದೆ. ಪೀಠಿಕೆಯಿಲ್ಲದ ಪಠ್ಯವನ್ನು ಓದಿದವನು ಹೊದಿಕೆಯ ಮೇಲಿನ ಹೆಸರನ್ನೇ ಸಿದ್ಧಾಂತವೆಂದು ನಂಬುತ್ತಾನೆ.

ಪಾಠಾಂತರ, ಪೀಠಿಕೆಗಳೆಲ್ಲವೂ ವಿದ್ಯಾರ್ಥಿಗೆ ಹೊರೆಯಾಗುತ್ತವೆಂಬ ಆಕ್ಷೇಪಣೆಗೆ ಅರ್ಥವಿಲ್ಲದಿಲ್ಲ. ಆದರೆ 19 ಕಥೆಗಳನ್ನೂ ಹಾಗೆ ಬೋಧಿಸಬೇಕಾಗಿಲ್ಲ. ಒಂದೇ ಕಥೆಯನ್ನು ಗಾಹೆ, ಪಾಠಾಂತರ, ಟಿಪ್ಪಣಿಗಳೊಡನೆ ಬೋಧಿಸಿ, ಆ ಕಥೆಯ ಒಂದು ಓಲೆಯ ಚಿತ್ರವನ್ನು ಮುಂದಿಟ್ಟರೆ ಸಾಕು. ಡಿ. ಎಲ್. ನರಸಿಂಹಾಚಾರ್ಯರು 1949ರಲ್ಲಿ ವಡ್ಡಾರಾಧನೆಯನ್ನು ಸಂಪಾದಿಸಿಕೊಟ್ಟರು. ಮುಂದೆ ಕನ್ನಡ ಗ್ರಂಥಸಂಪಾದನೆಯ ಶಾಸ್ತ್ರವನ್ನೇ ಪುಸ್ತಕರೂಪದಲ್ಲಿ ನಿರೂಪಿಸಿದರು. ಇವೆರಡನ್ನೂ ಜೊತೆಗಿಟ್ಟು ಓದಿಸುವುದಕ್ಕಿಂತ ಸುಲಭವಾದ ಸಾಧನ ಬೇರಿಲ್ಲ. ಆದುದರಿಂದ ಪಠ್ಯಸಮಿತಿಗಳು ಸಂಪಾದಕರ ಹೆಸರು ಮತ್ತು ಮುದ್ರಣದ ವರ್ಷವನ್ನು ಪಠ್ಯಪಟ್ಟಿಯಲ್ಲಿಯೇ ನಮೂದಿಸುವುದೂ, ಪ್ರತಿಗಳು ಮುಗಿದಲ್ಲಿ ಸಂಗ್ರಹವನ್ನು ಆಶ್ರಯಿಸದೆ ಪೂರ್ಣಗ್ರಂಥದ ಮರುಮುದ್ರಣಕ್ಕೆ ಯತ್ನಿಸುವುದೂ ಅವಶ್ಯಕ. ಶಾಸ್ತ್ರಪರಿಚಯವುಳ್ಳ ನಮ್ಮ ಪಂಡಿತರು ಗಾಹೆಗಳಿಗೆ ಕಿರುಟಿಪ್ಪಣಿಗಳನ್ನು ಬರೆದುಕೊಡುವುದಾದರೆ ಈ ಕಾರ್ಯದ ಅರ್ಧಭಾಗ ನೆರವೇರಿದಂತೆಯೇ ಸರಿ.