ಒಂದು ನಿರ್ವಹಣಶಾಸ್ತ್ರ ಪತ್ರಿಕೆಯ ಬೆಳವಣಿಗೆ

ಶಾಸ್ತ್ರಪತ್ರಿಕೆಯೊಂದನ್ನು ವಿಮರ್ಶಿಸುವಾಗ ಅದು ಏನು ಹೇಳುತ್ತದೆಂಬುದನ್ನಲ್ಲದೆ ಯಾರೊಡನೆ ಮಾತನಾಡುತ್ತದೆಂಬುದನ್ನೂ ನೋಡಬೇಕು. ಬೆಂಗಳೂರಿನ ತಿಲಕನಗರದ ಮಗ್ಗುಲಿಂದ ತೆಂಕಣಕ್ಕೆ ಸಾಗುವ ಬನ್ನೇರುಘಟ್ಟದ ರಸ್ತೆಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಎಂಬ ವಿದ್ಯಾಸಂಸ್ಥೆಯುಂಟು. 1973ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ತ್ರೈಮಾಸಿಕವಾದ ‘ಐಐಎಂಬಿ ಮ್ಯಾನೇಜ್‌ಮೆಂಟ್ ರಿವ್ಯೂ’ ಪ್ರಕೃತ ಲೇಖನದ ವಿಷಯ.

ಈ ಪತ್ರಿಕೆಯ ಚರಿತ್ರೆಯಲ್ಲಿ ಒಂದು ಸಂಧಿಕಾಲವುಂಟು. ಆಗ ಅದರ ಪ್ರಕಾಶನವು ಎಲ್ಸೆವಿಯರ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮೂಲಕ ನಡೆಯತೊಡಗಿತು. ಬೆಲೆ ತೆರದೆ ಓದುವ ಅನುಕೂಲವೂ ದೊರೆಯಿತು. ಬರೆದವರ ಹೆಸರು ಪರೀಕ್ಷಕರಿಗೂ ಪರೀಕ್ಷಕರ ಹೆಸರು ಬರೆದವರಿಗೂ ತಿಳಿಯದಂತೆ ಲೇಖನವನ್ನು ತೂಗಿನೋಡುವ ಕ್ರಮವು ಇದರ ಪ್ರಾಮಾಣ್ಯಕ್ಕೆ ಆಧಾರ. ಸಂಶೋಧನ ಪ್ರಬಂಧಗಳ ಜೊತೆಗೆ ವಿದ್ವಾಂಸರೂ ಉದ್ಯಮಿಗಳೂ ಕೂಡಿ ನಡಸಿದ ಗೋಷ್ಠಿಗಳನ್ನೂ ಸಂದರ್ಶನಗಳನ್ನೂ ಪ್ರಕಟಿಸುವುದು ಇದರ ಇನ್ನೊಂದು ಗುಣ. ಇವುಗಳಲ್ಲಿ ಶಾಸ್ತ್ರವು ಅನುಭವದ ಎದುರಿಗೆ ಕುಳಿತು ಉತ್ತರ ಹೇಳಬೇಕಾಗುತ್ತದೆ. ನನ್ನ ಮತದಲ್ಲಿ ಪತ್ರಿಕೆಯ ಜೀವಾಳವು ಇಲ್ಲಿಯೇ ಇದೆ.

ಆದರೂ ಒಂದು ಆಕ್ಷೇಪವುಂಟು. ಲೋಕವ್ಯಾಪಿಯಾದ ಪ್ರಬಂಧರೂಪಕ್ಕೆ ಲೋಕವ್ಯಾಪಿಯಾದ ಪರಿಭಾಷೆಯೇ ಬೇಕು. ತಿಲಕನಗರದ ಅಂಗಡಿಯವನು ‘ಉದ್ರಿ’ ಎನ್ನುವುದನ್ನು ಇಂಗ್ಲಿಷಿನಲ್ಲಿ ‘ಟ್ರೇಡ್ ಕ್ರೆಡಿಟ್’ ಎಂದು ಬರೆದರೆ ಮೊತ್ತವೂ ಅವಧಿಯೂ ಉಳಿಯುತ್ತವೆ. ಗಿರಾಕಿಯ ಗುರುತು, ಮನೆತನದ ಭರವಸೆ, ಕೇಳಲು ಹಿಂಜರಿಯುವ ದಾಕ್ಷಿಣ್ಯ, ಇವು ಜಾರಿಹೋಗುತ್ತವೆ. ವ್ಯಾಪಾರವು ನಿಂತಿರುವುದು ಇವುಗಳ ಮೇಲೆಯೇ ಆದಕಾರಣ, ಈ ನಷ್ಟವು ಭಾಷೆಯದು ಮಾತ್ರವಲ್ಲ, ಶಾಸ್ತ್ರದ್ದೂ ಹೌದು.

ಇದನ್ನು ಪತ್ರಿಕೆಯೊಂದರ ತಪ್ಪೆಂದು ಹೇಳಲಾಗದು. ಇಂಗ್ಲಿಷಿನ ಪತ್ರಿಕೆಯು ಇಂಗ್ಲಿಷಿನ ಕೆಲಸವನ್ನು ಮಾಡುತ್ತಿದೆ. ಕನ್ನಡದ ಕೆಲಸವನ್ನು ಮಾಡಬೇಕಾದವರು ನಾವು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಪತ್ರಿಕೆಯನ್ನು ಆರಂಭಿಸಿದಾಗ ಕನ್ನಡದಲ್ಲಿ ಸಿದ್ಧವಾದ ಪರಿಭಾಷೆಯಿರಲಿಲ್ಲ; ಬರೆಯುತ್ತ ಬರೆಯುತ್ತ ಅದನ್ನು ಕಟ್ಟಬೇಕಾಯಿತು. ಪತ್ರಿಕೆಯು ಎರಡು ವರ್ಷ ಮಾತ್ರ ನಡೆದರೂ ಆ ಪ್ರಯತ್ನದ ಫಲವು ನಿಂತಿತು. ನಿರ್ವಹಣಶಾಸ್ತ್ರಕ್ಕೋ ಸಾಮಗ್ರಿಯು ಪೇಟೆಯಲ್ಲಿಯೇ ಇದೆ: ಉದ್ರಿ, ಕಂತು, ಮುಂಗಡ, ಚೀಟಿ, ಲೇವಾದೇವಿ.

ಆದುದರಿಂದ ಸಾಹಿತ್ಯದ ಅಧ್ಯಾಪಕರಲ್ಲಿ ಒಂದು ಬಿನ್ನಹ. ಇಂತಹ ಪತ್ರಿಕೆಯ ಒಂದೊಂದು ಸಂಚಿಕೆಯಿಂದ ಒಂದೊಂದು ಪ್ರಬಂಧವನ್ನಾದರೂ ಆರಿಸಿ, ಅದರ ಸಾರವನ್ನು ಪೇಟೆಯ ಮಾತಿನಲ್ಲಿ ವಿದ್ಯಾರ್ಥಿಗಳಿಂದ ಬರೆಯಿಸಬೇಕು. ಸಾರವು ಎಲ್ಲಿ ತಡವರಿಸುವುದೋ ಅಲ್ಲಿ ನಮ್ಮ ಭಾಷೆಯ ಕೊರತೆಯಾದರೂ ಶಾಸ್ತ್ರದ ಕೊರತೆಯಾದರೂ ಹೊರಬೀಳುವುದು. ಎರಡನ್ನೂ ತಿಳಿಯುವುದು ಲಾಭವೇ.